ಬೋರ್ಡು ಬದಲಿಸುವ ಷರತ್ತು: ಫ್ರಾಂಚೈಸಿ ಒಪ್ಪಂದದ ಎರಡು ದುಬಾರಿ ಪುಟಗಳ ವಿಮರ್ಶೆ

ಫ್ರಾಂಚೈಸಿ, ಅಂದರೆ ಕಂಪನಿಯೊಂದರ ಹೆಸರಿನಲ್ಲಿ ಅಂಗಡಿ ನಡೆಸುವ ಹಕ್ಕು, ಹಿಡಿಯಲು ಹೊರಟವರು ಪ್ರವೇಶ ಶುಲ್ಕ, ರಾಯಲ್ಟಿ (ಹೆಸರು ಬಳಸುವುದಕ್ಕೆ ಕಂಪನಿಗೆ ಕಟ್ಟುತ್ತಿರಬೇಕಾದ ಹಣ), ಪ್ರದೇಶದ ಹಕ್ಕು ಇವನ್ನು ಮತ್ತೆ ಮತ್ತೆ ಓದುತ್ತಾರೆ. 'ಮಾರ್ಕುಗಳು', ಅಂದರೆ ಹೆಸರು, ಲಾಂಛನ ಮುಂತಾದ ಟ್ರೇಡ್‌ಮಾರ್ಕುಗಳು, ಎಂಬ ತಲೆಬರಹದ ಎರಡು ಪುಟ ಬಂದಾಗ ಮಾತ್ರ ಕಣ್ಣು ಜಾರುತ್ತದೆ. ಹೆಸರು ಕಂಪನಿಯದು, ಬಳಸುವವರು ನಾವು, ಇದರಲ್ಲಿ ಓದುವುದೇನಿದೆ ಅನಿಸುತ್ತದೆ. ಆ ಪುಟಗಳಲ್ಲಿ ಸಾಮಾನ್ಯವಾಗಿ ಇಂಥದೊಂದು ಉದ್ದನೆಯ ವಾಕ್ಯ ಇರುತ್ತದೆ: ಯಾವುದೇ ಮಾರ್ಕನ್ನು ಮಾರ್ಪಡಿಸುವುದು, ಕೈಬಿಡುವುದು ಅಥವಾ ಅದರ ಬದಲು ಬೇರೊಂದನ್ನು ಬಳಸುವುದು ಸೂಕ್ತವೆಂದು ಕಂಪನಿಗೆ ತನ್ನ ಸ್ವಂತ ವಿವೇಚನೆಯಲ್ಲಿ ಕಂಡುಬಂದರೆ, ನೋಟಿಸು ತಲುಪಿದ ಸಮಂಜಸ ಅವಧಿಯೊಳಗೆ ಫ್ರಾಂಚೈಸಿ ಪಡೆದವರು ಸ್ವಂತ ಖರ್ಚಿನಲ್ಲಿ ಅದನ್ನು ಪಾಲಿಸತಕ್ಕದ್ದು, ಅದರಿಂದಾಗುವ ಯಾವುದೇ ನಷ್ಟಕ್ಕೆ ಕಂಪನಿ ಹೊಣೆಯಲ್ಲ.

ಹಣ ಕೊಟ್ಟು ಕೊಳ್ಳುವ ಸೇವೆಯಲ್ಲಿ ಈ ವಾಕ್ಯವೂ ಸೇರಿದೆ. ಹಾಗಾಗಿ ಒಂದು ವಿಮಾ ಪಾಲಿಸಿಯನ್ನು ಪರೀಕ್ಷಿಸುವ ಹಾಗೆಯೇ ಇದನ್ನೂ ಪರೀಕ್ಷಿಸಬೇಕು. ಮಾರುಕಟ್ಟೆಯಲ್ಲಿ ಚಾಲ್ತಿಯಲ್ಲಿರುವ ಈ ಷರತ್ತಿನ ಮೂರು ನಮೂನೆಗಳನ್ನೂ, ಹೆಸರು ಬದಲಾದಾಗ ಕಂಪನಿಗಳು ಕಳಿಸುವ 'ಬದಲಾವಣೆ ಪ್ಯಾಕೇಜ್' ಎಂಬುದನ್ನೂ ಇಲ್ಲಿ ತೂಗಿ ನೋಡಿದ್ದೇವೆ.

ಮೊದಲು ಕಂಪನಿಯ ಪರವಾಗಿ ಹೇಳಬೇಕಾದ ಮಾತೊಂದಿದೆ. ಮಾರ್ಕು ಬದಲಿಸುವ ಅಧಿಕಾರವನ್ನೇ ಒಪ್ಪಂದದಿಂದ ತೆಗೆಸಬೇಕು ಎಂದು ಹಟ ಹಿಡಿದು ಪ್ರಯೋಜನವಿಲ್ಲ, ಅದು ನ್ಯಾಯವೂ ಅಲ್ಲ. ಟ್ರೇಡ್‌ಮಾರ್ಕಿನ ಒಡೆಯರು ಅದರಡಿ ಮಾರುವ ಸರಕಿನ ಗುಣಮಟ್ಟದ ಮೇಲೆ ಹಿಡಿತ ಇಟ್ಟುಕೊಳ್ಳಲೇಬೇಕು. ಹಿಡಿತವಿಲ್ಲದೆ ಪರವಾನಗಿ ಕೊಟ್ಟರೆ ಎಷ್ಟೋ ದೇಶಗಳ ಕಾನೂನಿನಲ್ಲಿ ಮಾರ್ಕೇ ದುರ್ಬಲವಾಗುತ್ತದೆ, ಕೆಲವೊಮ್ಮೆ ಕೈತಪ್ಪುತ್ತದೆ. ಐನೂರು ಅಂಗಡಿಗಳಲ್ಲಿ ನಾಲ್ಕು ಬಗೆಯ ಬೋರ್ಡುಗಳಿದ್ದರೆ ಪಕ್ಕದ ಅಂಗಡಿಯವರಿಗೂ ನಷ್ಟವೇ. ಆದ್ದರಿಂದ ಚೌಕಾಶಿ ನಡೆಯಬೇಕಾದದ್ದು ಅಧಿಕಾರದ ಬಗ್ಗೆ ಅಲ್ಲ. ಯಾವ ಕಾರಣಕ್ಕೆ, ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ಎಂಬುದರ ಬಗ್ಗೆ.

ಈ ಷರತ್ತಿನ ನಿಜವಾದ ದೋಷ ಇರುವುದು ಕಾರಣಗಳನ್ನು ಬೇರ್ಪಡಿಸದೆ ಇರುವುದರಲ್ಲಿ. ಹೆಸರು ಬದಲಾಗುವ ಸಂದರ್ಭಗಳು ಒಂದೇ ಬಗೆಯವಲ್ಲ. ಮೂರನೆಯವರು ಬಂದು 'ಈ ಹೆಸರು ನಮ್ಮದು' ಎಂದು ದಾವೆ ಹೂಡಿ ಗೆಲ್ಲುವುದು ಒಂದು. ಕಂಪನಿಯನ್ನು ಬೇರೊಬ್ಬರು ಕೊಂಡು ತಮ್ಮ ಹೆಸರು ಹೇರುವುದು ಇನ್ನೊಂದು. ಹೊಸ ಮಾರ್ಕೆಟಿಂಗ್ ಮುಖ್ಯಸ್ಥರು ಬಂದು ಲಾಂಛನ ಹಳೆಯದಾಯಿತು ಎನ್ನುವುದು ಮತ್ತೊಂದು. ಮೊದಲನೆಯದು ಕಂಪನಿ ಮಾರಿದ ಸರಕಿನಲ್ಲೇ ಇದ್ದ ದೋಷ. ಎರಡನೆಯದು ಕಂಪನಿಯ ವ್ಯಾಪಾರದ ಲಾಭ. ಮೂರನೆಯದು ಅಭಿರುಚಿ. ಮೇಲಿನ ವಾಕ್ಯ ಮೂರನ್ನೂ ಒಂದೇ ಚೀಲಕ್ಕೆ ಹಾಕಿ, ಬಿಲ್ಲನ್ನು ಅಂಗಡಿಯವರ ಕೈಗೆ ಕೊಡುತ್ತದೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ.

ಇವು ಕಲ್ಪನೆಯ ಸಂದರ್ಭಗಳಲ್ಲ. ಮೊದಲ ಬಗೆಗೆ ಹತ್ತಿರದ್ದು ಬರ್ಗರ್ ಕಿಂಗ್. 1971ರಲ್ಲಿ ಈ ಅಮೆರಿಕದ ಬರ್ಗರ್ ಕಂಪನಿ ಆಸ್ಟ್ರೇಲಿಯಾಕ್ಕೆ ಹೋದಾಗ ಆ ಹೆಸರು ಅಲ್ಲಿ ಬೇರೊಬ್ಬರ ಹೆಸರಲ್ಲಿ ನೋಂದಣಿಯಾಗಿತ್ತು. ಅಲ್ಲಿ ಫ್ರಾಂಚೈಸಿ ಪಡೆದವರು ಹಂಗ್ರಿ ಜ್ಯಾಕ್ಸ್ ಎಂಬ ಹೆಸರಿನಲ್ಲಿ ವ್ಯಾಪಾರ ಶುರುಮಾಡಬೇಕಾಯಿತು. ಮುಂದೆ ಹಳೆಯ ನೋಂದಣಿ ಬಿದ್ದುಹೋಗಿ ಕಂಪನಿ ತನ್ನ ಸ್ವಂತ ಹೆಸರಿನಲ್ಲೇ ಅಂಗಡಿ ತೆರೆಯತೊಡಗಿದಾಗ ಇಬ್ಬರ ನಡುವೆ ಜಗಳ ಬೆಳೆದು, 2001ರಲ್ಲಿ ನ್ಯೂ ಸೌತ್ ವೇಲ್ಸ್‌ನ ಮೇಲ್ಮನವಿ ನ್ಯಾಯಾಲಯ ಫ್ರಾಂಚೈಸಿಯ ಪರವಾಗಿ ತೀರ್ಪು ಕೊಟ್ಟಿತು. ಒಪ್ಪಂದ ಕೊಟ್ಟ ಅಧಿಕಾರವನ್ನು ಸದ್ಭಾವನೆಯಿಂದ ಬಳಸಬೇಕು ಎಂಬ ವಾದಕ್ಕೆ ವಕೀಲರು ಇಂದಿಗೂ ಆ ತೀರ್ಪನ್ನು ಎತ್ತಿ ತೋರಿಸುತ್ತಾರೆ. ಟ್ರೇಡ್‌ಮಾರ್ಕಿನ ಹಕ್ಕು ದೇಶದ ಗಡಿಯೊಳಗಿನದು, ಒಂದು ದೇಶದ ನೋಂದಣಿ ಇನ್ನೊಂದು ದೇಶದಲ್ಲಿ ಕಾಯುವುದಿಲ್ಲ ಎಂಬುದಕ್ಕೂ ಇದೇ ಉದಾಹರಣೆ ಸಾಕು.

ಎರಡನೆಯ ಬಗೆಗೆ ಮೇಲ್ ಬಾಕ್ಸಸ್ ಎಟ್ಸೆಟ್ರಾ ಎಂಬ ಅಂಚೆ-ಪಾರ್ಸೆಲ್ ಅಂಗಡಿಗಳ ಸರಪಳಿ. ಪಾರ್ಸೆಲ್ ಸಾಗಿಸುವ ಕಂಪನಿ ಯುಪಿಎಸ್ ಅದನ್ನು 2001ರಲ್ಲಿ ಕೊಂಡಿತು. 2003ರಲ್ಲಿ ಅಮೆರಿಕದ ಸುಮಾರು 3,000 ಅಂಗಡಿಗಳು 'ದಿ ಯುಪಿಎಸ್ ಸ್ಟೋರ್' ಆದವು. ಒಂದಷ್ಟು ಅಂಗಡಿಯವರು ಕೋರ್ಟಿಗೆ ಹೋದರು, ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಮೂರನೆಯ ಬಗೆಗೆ ಕಾಫಿ ಮತ್ತು ಡೋನಟ್ ಮಾರುವ ಡಂಕಿನ್ ಡೋನಟ್ಸ್. 2018ರಲ್ಲಿ ಘೋಷಿಸಿ, 2019ರ ಜನವರಿಯಿಂದ ಹೆಸರಿನಿಂದ 'ಡೋನಟ್ಸ್' ಕೈಬಿಟ್ಟಿತು. ಆದರೆ ಹೊಸ ಬೋರ್ಡು ಬಂದದ್ದು ಹೊಸದಾಗಿ ತೆರೆದ ಮತ್ತು ನವೀಕರಣಕ್ಕೆ ಬಂದ ಅಂಗಡಿಗಳಿಗೆ, ಹಂತಹಂತವಾಗಿ. ಬೋರ್ಡು ಹೇಗೂ ಬದಲಾಗುವ ಹೊತ್ತಿಗೆ ಹೆಸರನ್ನೂ ಬದಲಿಸುವುದು ಅಂಗಡಿಯವರಿಗೆ ಅತಿ ಕಡಿಮೆ ಹೊರೆಯ ದಾರಿ. ಕಂಪನಿಯವರು ತಾಳ್ಮೆ ಇಟ್ಟುಕೊಂಡರೆ ಮಾತ್ರ ಸಾಧ್ಯ.

ಮೂರು ನಮೂನೆಗಳು

ಮೊದಲ ನಮೂನೆ, ಮೇಲೆ ಹೇಳಿದ 'ಸ್ವಂತ ವಿವೇಚನೆ, ನಿಮ್ಮ ಖರ್ಚು'. ಐದರಲ್ಲಿ ಒಂದು ಅಂಕ. ಆ ಒಂದೂ ಸ್ಪಷ್ಟತೆಗೆ. ಇದರಲ್ಲಿ ಅಪಾಯದ ಪದಗಳು ನಾಲ್ಕು. 'ಯಾವುದೇ ಮಾರ್ಕು' ಎಂದರೆ ಹೆಸರು ಮಾತ್ರವಲ್ಲ. ಬಣ್ಣ, ಸಮವಸ್ತ್ರ, ಒಳಾಂಗಣದ ವಿನ್ಯಾಸ, ಪೊಟ್ಟಣದ ಆಕಾರ ಎಲ್ಲವೂ ವ್ಯಾಖ್ಯೆಯ ಕಲಮಿನಲ್ಲಿ ಮಾರ್ಕಿನೊಳಗೇ ಸೇರಿರುತ್ತವೆ. ವ್ಯಾಖ್ಯೆಯ ಪುಟವನ್ನು ಓದದೆ ಈ ಷರತ್ತನ್ನು ಓದಿದರೆ ಅರ್ಧ ಓದಿದಂತೆ. 'ಸ್ವಂತ ವಿವೇಚನೆ' ಎಂದರೆ ಕಾರಣ ಕೊಡಬೇಕಿಲ್ಲ. 'ಸಮಂಜಸ ಅವಧಿ' ಕೇಳಲು ಹಿತವಾಗಿದೆ, ಆದರೆ ಅದನ್ನು ಮೊದಲು ಲೆಕ್ಕ ಹಾಕುವವರು ಕಂಪನಿಯವರೇ. ನೀವು ಒಪ್ಪದಿದ್ದರೆ ಕೋರ್ಟಿಗೋ ಮಧ್ಯಸ್ಥಿಕೆಗೋ ಹೋಗಿ ಸಾಬೀತು ಮಾಡಬೇಕು, ಅಷ್ಟರಲ್ಲಿ ಗಡುವು ಮುಗಿದು ಒಪ್ಪಂದ ಮುರಿದ ಆರೋಪ ಹೆಗಲೇರಿರುತ್ತದೆ. ನಾಲ್ಕನೆಯದು 'ಯಾವುದೇ ನಷ್ಟ'. ಹಳೆಯ ಹೆಸರಿನ ಮೇಲೆ ನೀವು ಹತ್ತು ವರ್ಷ ಹಾಕಿದ ಜಾಹೀರಾತಿನ ಫಲ ಇದರೊಳಗೆ ಕರಗಿಹೋಗುತ್ತದೆ.

ಇದರ ಇನ್ನೊಂದು ಕೊರತೆ, ಎಷ್ಟು ಸಲ ಎಂಬ ಮಿತಿ ಇಲ್ಲದಿರುವುದು. ಹತ್ತು ವರ್ಷದ ಒಪ್ಪಂದದಲ್ಲಿ ನಾಲ್ಕು ಸಲ ಬದಲಿಸಿದರೂ ನಾಲ್ಕು ಸಲವೂ ಪಾಲಿಸಬೇಕು.

ಎರಡನೆಯ ನಮೂನೆ: ಮೂರನೆಯವರ ದಾವೆಯಿಂದ ಹೆಸರು ಬದಲಾದರೆ ಬೋರ್ಡು ಬದಲಿಸಿದ 'ನೇರ ಖರ್ಚನ್ನು' ಕಂಪನಿ ಭರಿಸುತ್ತದೆ, ಉಳಿದ ಸಂದರ್ಭಗಳಲ್ಲಿ ಅಂಗಡಿಯವರದು. ಐದರಲ್ಲಿ ಎರಡೂವರೆ. ದೋಷಪೂರ್ಣ ಸರಕಿಗೆ ಮಾರಿದವರೇ ಹೊಣೆ ಎಂಬ ತತ್ವವನ್ನಾದರೂ ಇದು ಒಪ್ಪಿಕೊಳ್ಳುತ್ತದೆ. ಆದರೆ 'ನೇರ ಖರ್ಚು' ಎಂಬ ಪದವನ್ನು ಹಿಂಡಿ ನೋಡಬೇಕು. ಅನೇಕ ಒಪ್ಪಂದಗಳಲ್ಲಿ ಅದು ಹೊರಗಿನ ಬೋರ್ಡು ತೆಗೆದು ಹಾಕುವ ಕೂಲಿ ಮತ್ತು ಸಾಮಗ್ರಿಗೆ ಮುಗಿಯುತ್ತದೆ. ಪೊಟ್ಟಣದ ದಾಸ್ತಾನು, ಮುಚ್ಚಿದ ದಿನಗಳ ವ್ಯಾಪಾರ, ಮರು ಜಾಹೀರಾತು ಹೊರಗೆ. ಜೊತೆಗೊಂದು ಸಣ್ಣ ಬಲೆ: ದಾವೆ ಬಂದರೆ ತಕ್ಷಣ ತಿಳಿಸಬೇಕು, ಅದರ ನಿರ್ವಹಣೆಯನ್ನು ಕಂಪನಿಗೆ ಬಿಡಬೇಕು ಎಂಬ ಪೂರ್ವಷರತ್ತು ಇರುತ್ತದೆ. ಅಂಗಡಿಯವರು ಗಾಬರಿಯಿಂದ ತಾವೇ ವಕೀಲರ ಮೂಲಕ ಉತ್ತರ ಕಳಿಸಿದರೆ ಮರುಪಾವತಿಯ ಹಕ್ಕು ಹೋಯಿತು. ಇಂಥ ನೋಟಿಸು ಕೈಗೆ ಬಂದರೆ ಉತ್ತರ ಬರೆಯಬೇಡಿ. ತಲುಪಿದ ದಿನಾಂಕ ಗುರುತು ಹಾಕಿ, ಪ್ರತಿ ಮಾಡಿ, ಒಪ್ಪಂದ ಹೇಳಿದ ವಿಳಾಸಕ್ಕೆ ಒಪ್ಪಂದ ಹೇಳಿದ ವಿಧಾನದಲ್ಲೇ ಕಳಿಸಿ. ವಾಟ್ಸ್ಆ್ಯಪ್‌ನಲ್ಲಿ ಏರಿಯಾ ಮ್ಯಾನೇಜರಿಗೆ ಕಳಿಸಿದ ಫೋಟೊ ನೋಟಿಸು ಆಗುವುದಿಲ್ಲ.

ಮೂರನೆಯದು ಹಂಚಿಕೆಯ ನಮೂನೆ: ಕಾರಣಕ್ಕೆ ತಕ್ಕಂತೆ ಖರ್ಚು ಹಂಚುತ್ತದೆ, ಮೇಲ್ಮಿತಿ ಹಾಕುತ್ತದೆ, ದಿನ ಎಣಿಸಿ ಹೇಳುತ್ತದೆ. ಐದರಲ್ಲಿ ನಾಲ್ಕು. ಸಿಗುವುದು ಅಪರೂಪ. ಹೆಚ್ಚಾಗಿ ಹಲವು ಅಂಗಡಿಗಳನ್ನು ಒಟ್ಟಿಗೆ ಹಿಡಿಯುವವರು ಕೇಳಿ ಬರೆಸಿಕೊಳ್ಳುತ್ತಾರೆ. ಒಂದೇ ಅಂಗಡಿಯವರು ಕೇಳಿದರೆ 'ಎಲ್ಲರಿಗೂ ಒಂದೇ ಒಪ್ಪಂದ' ಎಂಬ ಉತ್ತರ ಬರುತ್ತದೆ. ಹಾಗೆಂದರೆ ಮೂಲ ಒಪ್ಪಂದವನ್ನು ಮುಟ್ಟದೆ ಒಂದು ಪುಟದ ಪೂರಕ ಪತ್ರ ಕೇಳಿ. ಹೊಸದಾಗಿ ಬೆಳೆಯುತ್ತಿರುವ ಕಂಪನಿಗಳು ಇದಕ್ಕೆ ಒಪ್ಪುವುದುಂಟು. ಹೆಸರು ಬದಲಾಗುವ ಸಾಧ್ಯತೆ ಹೆಚ್ಚಿರುವುದೂ ಅಂಥ ಕಂಪನಿಗಳಲ್ಲೇ.

ಆ ಪೂರಕ ಪತ್ರದಲ್ಲಿ ಏನಿರಬೇಕು? ನಮ್ಮ ಲೆಕ್ಕದಲ್ಲಿ ಹೆಸರು ಪೂರ್ತಿ ಬದಲಾದರೆ ಕನಿಷ್ಠ 180 ದಿನದ ನೋಟಿಸು, ಲಾಂಛನ ಮಾತ್ರವಾದರೆ ಅಂಗಡಿಯ ಮುಂದಿನ ನವೀಕರಣದವರೆಗೆ ಬಿಡುವು, ಮುದ್ರಿತ ದಾಸ್ತಾನು ಮುಗಿಸಲು 90 ದಿನ, ಒಪ್ಪಂದದ ಅವಧಿಯಲ್ಲಿ ಅಂಗಡಿಯವರ ಖರ್ಚಿನ ಬದಲಾವಣೆ ಒಂದೇ ಸಲ. ಕೋರ್ಟಿನ ಆದೇಶ ಇದ್ದರೆ ಈ ದಿನಗಳಿಗೆ ಬೆಲೆಯಿಲ್ಲ, ಆದೇಶ ಹೇಳಿದ ದಿನವೇ ಗಡುವು. ಹಾಗಾಗಿ ಆ ಸಂದರ್ಭಕ್ಕೆ ಸಮಯದ ಬದಲು ಹಣವನ್ನು ಕೇಳಬೇಕು: ತುರ್ತು ಕೆಲಸದ ಹೆಚ್ಚುವರಿ ದರ ಕಂಪನಿಯದು ಎಂಬ ಸಾಲು.

ಖರ್ಚು ಹಂಚುವುದಕ್ಕೆ ಜಗಳವಿಲ್ಲದ ಸೂತ್ರವೊಂದಿದೆ, ಬಾಳಿಕೆಯ ಸೂತ್ರ. ಹೊಸ ಬೋರ್ಡಿನ ಬಾಳಿಕೆ 60 ತಿಂಗಳು ಎಂದು ಇಬ್ಬರೂ ಮೊದಲೇ ಒಪ್ಪಿಕೊಳ್ಳುತ್ತಾರೆ. ಒಪ್ಪಂದ ಮುಗಿಯಲು 18 ತಿಂಗಳು ಬಾಕಿ ಇರುವಾಗ ಹೆಸರು ಬದಲಾಯಿತು ಅನ್ನೋಣ. ಅಂಗಡಿಯವರು ಅನುಭವಿಸುವುದು 60ರಲ್ಲಿ 18, ಅಂದರೆ ಶೇ. 30. ಉಳಿದ ಶೇ. 70 ಕಂಪನಿಯದು. ಒಪ್ಪಂದ ನವೀಕರಣವಾದರೆ ಆ ಶೇ. 70ರಲ್ಲಿ ತಕ್ಕ ಪಾಲನ್ನು ಹಿಂದಕ್ಕೆ ಕೊಡುವುದಾಗಿ ಬರೆದರೆ ಕಂಪನಿಯವರೂ ಒಪ್ಪುತ್ತಾರೆ. ಇದೇ ಸೂತ್ರ ಹಳೆಯ ಬೋರ್ಡಿಗೂ ಹೊಂದುತ್ತದೆ. ಅದನ್ನು ಹಾಕಿಸಿ 10 ತಿಂಗಳಾಗಿದ್ದರೆ 60ರಲ್ಲಿ 50 ತಿಂಗಳು, ಅಂದರೆ ಬೆಲೆಯ ಸುಮಾರು ಶೇ. 83 ಬಳಸದೆ ಕಸಕ್ಕೆ ಹೋಗುತ್ತದೆ. ಇದನ್ನು ಕೇಳುವವರೇ ಕಡಿಮೆ. ಕೇಳಲು ಹಳೆಯ ಬಿಲ್ಲು ಬೇಕು, ಬಿಲ್ಲು ಯಾರೂ ಇಟ್ಟಿರುವುದಿಲ್ಲ.

ಸಹಿಗೆ ಮುಂಚಿನ ಪರೀಕ್ಷೆ

ಮಾರ್ಕು ಬದಲಾಗುವ ಸಂಭವ ಎಷ್ಟು ಎಂಬುದು ಬಹುಮಟ್ಟಿಗೆ ನೋಂದಣಿ ಪುಸ್ತಕದಲ್ಲೇ ಕಾಣುತ್ತದೆ. ಹೆಚ್ಚಿನ ದೇಶಗಳಲ್ಲಿ ಟ್ರೇಡ್‌ಮಾರ್ಕ್ ಕಚೇರಿಯ ದಾಖಲೆ ಇಂಟರ್ನೆಟ್ಟಿನಲ್ಲಿ ಉಚಿತ. ಕಂಪನಿಯಿಂದ ಅರ್ಜಿ ಸಂಖ್ಯೆ, ವರ್ಗ (ಯಾವ ಬಗೆಯ ಸರಕು ಅಥವಾ ಸೇವೆಗೆ ನೋಂದಣಿ ಎಂಬುದು), ದೇಶ ಈ ಮೂರನ್ನು ಬರಹದಲ್ಲಿ ಪಡೆದು ನೀವೇ ಹುಡುಕಿ. ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಒಟ್ಟು 45 ವರ್ಗಗಳಿವೆ, 34 ಸರಕುಗಳಿಗೆ, 11 ಸೇವೆಗಳಿಗೆ. ಊಟ ಉಪಾಹಾರದ ಸೇವೆ 43ನೆಯ ವರ್ಗ, ಚಿಲ್ಲರೆ ಮಾರಾಟದ ಸೇವೆ 35, ತರಬೇತಿ ಶಿಕ್ಷಣ 41. ಹೋಟೆಲು ನಡೆಸುವ ಕಂಪನಿ 30ನೆಯ ವರ್ಗದಲ್ಲಿ ಕಾಫಿಪುಡಿಗೆ ಮಾತ್ರ ಹೆಸರು ನೋಂದಾಯಿಸಿ, ಇಡೀ ಮಳಿಗೆಗೆ ನೋಂದಣಿ ಇದೆ ಎಂದು ಹೇಳಿದರೆ ಅದು ಅರ್ಧಸತ್ಯ.

ಸ್ಥಿತಿಯ ಕಾಲಮ್ಮಿನಲ್ಲಿ 'ನೋಂದಾಯಿತ' ಎಂದಿದೆಯೋ, ಪರಿಶೀಲನೆಯಲ್ಲಿದೆಯೋ, ಯಾರಾದರೂ ಆಕ್ಷೇಪ ಹಾಕಿದ್ದಾರೋ ನೋಡಿ. ಆಕ್ಷೇಪ ಬಾಕಿ ಇದ್ದರೆ ಮೊದಲ ನಮೂನೆಯ ಷರತ್ತಿಗೆ ಸಹಿ ಹಾಕುವುದು ದುಡುಕು. ಒಡೆಯರ ಹೆಸರನ್ನೂ ನೋಡಿ. ಒಪ್ಪಂದಕ್ಕೆ ಸಹಿ ಹಾಕುವ ಕಂಪನಿ ಒಂದು, ಮಾರ್ಕು ಇರುವುದು ಸ್ಥಾಪಕರ ಸ್ವಂತ ಹೆಸರಲ್ಲೋ ಇನ್ನೊಂದು ಕಂಪನಿಯಲ್ಲೋ ಆಗಿರುವುದು ಸಾಮಾನ್ಯ. ಹಾಗಿದ್ದರೆ ಅವರಿಬ್ಬರ ನಡುವಿನ ಪರವಾನಗಿ ಪತ್ರ ಕೇಳಿ. ಅದು ಮುರಿದುಬಿದ್ದರೆ ನಿಮ್ಮ ಬೋರ್ಡೂ ಬೀಳುತ್ತದೆ.

ಕೊನೆಯದಾಗಿ ನೋಂದಣಿಯ ನವೀಕರಣದ ದಿನಾಂಕ ನೋಡಿ. ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಆಸ್ತಿ ಒಪ್ಪಂದವಾದ ಟ್ರಿಪ್ಸ್ ಪ್ರಕಾರ ನೋಂದಣಿಯ ಅವಧಿ ಕನಿಷ್ಠ 7 ವರ್ಷ ಇರಬೇಕು, ಬಹುತೇಕ ದೇಶಗಳಲ್ಲಿ 10 ವರ್ಷ. ಎಷ್ಟು ಸಲ ಬೇಕಾದರೂ ನವೀಕರಿಸಬಹುದು. ಬಳಸದೆ ಬಿಟ್ಟ ಮಾರ್ಕನ್ನು ರದ್ದುಮಾಡಿಸಲು ಕನಿಷ್ಠ 3 ವರ್ಷ ಸತತವಾಗಿ ಬಳಕೆ ನಿಂತಿರಬೇಕು ಎಂದೂ ಅದೇ ಒಪ್ಪಂದ ಹೇಳುತ್ತದೆ; ಯುರೋಪ್ ಒಕ್ಕೂಟದಲ್ಲಿ ಇದು 5 ವರ್ಷ. ಇದು ಹೆಸರು ಬದಲಾದ ಮೇಲೂ ಮುಖ್ಯವಾಗುತ್ತದೆ. ಕಂಪನಿ ಹಳೆಯ ಹೆಸರನ್ನು ಪೂರ್ತಿ ಕೈಬಿಟ್ಟರೆ ಕೆಲವು ವರ್ಷಗಳ ನಂತರ ಬೇರೊಬ್ಬರು ಅದನ್ನು ಎತ್ತಿಕೊಂಡು ನಿಮ್ಮ ಎದುರೇ ಅಂಗಡಿ ತೆರೆಯಬಹುದು, ಹಳೆಯ ಗಿರಾಕಿಗಳು ಅಲ್ಲಿಗೆ ನುಗ್ಗಬಹುದು. ಆದ್ದರಿಂದ ಹಳೆಯ ಮಾರ್ಕನ್ನು ಒಪ್ಪಂದದ ಅವಧಿ ಮುಗಿಯುವವರೆಗೆ ಜೀವಂತವಾಗಿಡುವ ಹೊಣೆ ಕಂಪನಿಯದು ಎಂಬ ಒಂದು ಸಾಲು ಬರೆಸಿಕೊಳ್ಳುವುದು ಒಳ್ಳೆಯದು.

ಅಮೆರಿಕದ ನಿಯಮ ಈ ವಿಷಯದಲ್ಲಿ ಮೆಚ್ಚಬೇಕಾದ್ದು. ಅಲ್ಲಿ ವ್ಯಾಪಾರದ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ನಿನ ಫ್ರಾಂಚೈಸಿ ನಿಯಮದಂತೆ, ಸಹಿಗೋ ಹಣ ಪಾವತಿಗೋ ಕನಿಷ್ಠ 14 ದಿನ ಮೊದಲು ಮಾಹಿತಿ ಪತ್ರ ಕೊಡಬೇಕು. ಅದರ 13ನೆಯ ಅಂಶ ಪೂರ್ತಿ ಟ್ರೇಡ್‌ಮಾರ್ಕಿಗೇ ಮೀಸಲು: ನೋಂದಣಿಯ ಸ್ಥಿತಿ, ಬಾಕಿ ವ್ಯಾಜ್ಯಗಳು, ಮಾರ್ಕು ಬದಲಿಸಲು ಹೇಳಿದರೆ ಫ್ರಾಂಚೈಸಿಗೆ ಇರುವ ಹಕ್ಕುಗಳು. ಮುಖ್ಯ ಮಾರ್ಕಿಗೆ ಫೆಡರಲ್ ನೋಂದಣಿ ಇಲ್ಲದಿದ್ದರೆ, ಹಕ್ಕಿಗೆ ಸವಾಲು ಬಂದಲ್ಲಿ ನೀವು ಬೇರೆ ಮಾರ್ಕಿಗೆ ಬದಲಾಗಬೇಕಾಗಬಹುದು, ಅದರಿಂದ ನಿಮ್ಮ ಖರ್ಚು ಹೆಚ್ಚಬಹುದು ಎಂದು ಕಂಪನಿಯೇ ಎಚ್ಚರಿಸಬೇಕು. ಇಂಥ ನಿಯಮ ಇಲ್ಲದ ದೇಶಗಳಲ್ಲಿ ಇದೇ ಪ್ರಶ್ನೆಗಳನ್ನು ಇಮೇಲಿನಲ್ಲಿ ಕೇಳಿ, ಉತ್ತರವನ್ನು ಒಪ್ಪಂದದ ಅನುಬಂಧವಾಗಿ ಸೇರಿಸಿ. ಉತ್ತರ ಕೊಡಲು ಹಿಂಜರಿದರೆ ಅದೇ ಉತ್ತರ.

ಪ್ಯಾಕೇಜಿನ ಗುಣಮಟ್ಟ

ಹೆಸರು ಬದಲಾದಾಗ ಬರುವ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಇರುವುದು ನೋಟಿಸು, ಹೊಸ ಬ್ರ್ಯಾಂಡ್ ಕೈಪಿಡಿ, ಕಂಪನಿ ಒಪ್ಪಿದ ಬೋರ್ಡು ತಯಾರಕರ ಪಟ್ಟಿ, ಸಮವಸ್ತ್ರ ಮತ್ತು ಪೊಟ್ಟಣದ ಆರ್ಡರ್ ಫಾರಂ, ಒಂದು ಗಡುವು. ಕೈಪಿಡಿಗಳು ನೋಡಲು ಚೆನ್ನಾಗಿರುತ್ತವೆ. ಬಣ್ಣದ ಸಂಖ್ಯೆ, ಅಕ್ಷರದ ಸುತ್ತ ಬಿಡಬೇಕಾದ ಜಾಗ, ಬಳಸಬಾರದ ಹಿನ್ನೆಲೆ ಎಲ್ಲ ಇರುತ್ತದೆ. ಇಲ್ಲದೇ ಇರುವುದು ಗೋಡೆಯ ಮೇಲೆ ಕೆಲಸ ಮಾಡುವವರಿಗೆ ಬೇಕಾದ ವಿವರ: ಬೋರ್ಡಿನ ತೂಕ, ಆಧಾರದ ಬಿಂದುಗಳ ಅಂತರ, ವಿದ್ಯುತ್ ಹೊರೆ, ಹಳೆಯ ರಂಧ್ರಗಳು ಹೊಸ ಅಕ್ಷರಗಳ ಹಿಂದೆ ಮುಚ್ಚಿಹೋಗುತ್ತವೆಯೇ ಎಂಬ ನಕ್ಷೆ. ಹೊಸ ಹೆಸರು ಹಳೆಯದಕ್ಕಿಂತ ಚಿಕ್ಕದಾದಾಗ ಬಹಳ ಕಡೆ ಎಡವಟ್ಟಾಗುವುದು ಇಲ್ಲೇ. ಹಳೆಯ ಅಕ್ಷರಗಳನ್ನು ತೆಗೆದ ಮೇಲೆ ಬಿಸಿಲಿಗೆ ಮಾಸದೆ ಉಳಿದ ಗೋಡೆಯ ಬಣ್ಣ ಹಳೆಯ ಹೆಸರನ್ನು ನೆರಳಿನಂತೆ ತೋರಿಸುತ್ತದೆ. ಕೊನೆಗೆ ಇಡೀ ಮುಂಭಾಗಕ್ಕೆ ಬಣ್ಣ ಬಳಿಯಬೇಕಾಗುತ್ತದೆ, ಆ ಖರ್ಚು ಯಾರ ಅಂದಾಜಿನಲ್ಲೂ ಇರುವುದಿಲ್ಲ.

ಬೋರ್ಡಿನ ಕೆಲಸಕ್ಕೆ ಸರಿಯಾದ ಕ್ರಮ ಇದು. ಮೊದಲು ಜಾಗದ ಅಳತೆ ಮತ್ತು ಫೋಟೊ. ನಂತರ ಕಟ್ಟಡದ ಮಾಲೀಕರ ಬರಹದ ಒಪ್ಪಿಗೆ. ನಂತರ ಕಂಪನಿಯಿಂದ ನಕ್ಷೆಗೆ ಅನುಮೋದನೆ. ನಂತರ ಸ್ಥಳೀಯ ಆಡಳಿತದ ಪರವಾನಗಿ. ಆಮೇಲಷ್ಟೇ ತಯಾರಿಕೆಗೆ ಮುಂಗಡ. ಗಡುವಿನ ಒತ್ತಡಕ್ಕೆ ಮೊದಲೇ ಮುಂಗಡ ಕೊಟ್ಟು ಬೋರ್ಡು ಮಾಡಿಸಿದವರಿಗೆ ಪರವಾನಗಿಯಲ್ಲಿ ಎತ್ತರ ಕಡಿಮೆ ಮಾಡಿ ಎಂಬ ಷರತ್ತು ಬಂದರೆ ಬೋರ್ಡು ಎರಡನೆಯ ಸಲ ಮಾಡಿಸಬೇಕು. ಹಳೆಯ ಬೋರ್ಡಿಗಿದ್ದ ಪರವಾನಗಿ ಹೊಸದಕ್ಕೆ ತಾನಾಗಿಯೇ ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಬಾಡಿಗೆ ಕರಾರಿನಲ್ಲಿ ಅಂಗಡಿಯ ಹೆಸರನ್ನೇ ಬರೆದು, ಆ ಹೆಸರಿನ ವ್ಯಾಪಾರಕ್ಕೆ ಮಾತ್ರ ಎಂದಿದ್ದರೆ ತಿದ್ದುಪಡಿ ಬೇಕು. ಮಾಲೀಕರು ಅದೇ ಸಂದರ್ಭ ನೋಡಿ ಬಾಡಿಗೆ ಏರಿಸಲು ಕೂರಬಹುದು. ಗಡುವು ಮೀರಿದರೆ ಕಂಪನಿಗೆ ತಪ್ಪಿತಸ್ಥರು, ಒಪ್ಪಿಗೆ ಇಲ್ಲದೆ ಹಾಕಿದರೆ ಮಾಲೀಕರಿಗೆ. ಅತ್ತ ದರಿ, ಇತ್ತ ಪುಲಿ. ಆದ್ದರಿಂದ ಗಡುವು ನೋಟಿಸಿನ ದಿನದಿಂದ ಅಲ್ಲ, ಎಲ್ಲ ಪರವಾನಗಿಗಳು ಕೈಸೇರಿದ ದಿನದಿಂದ ಎಣಿಕೆಯಾಗಬೇಕು ಎಂದು ಪೂರಕ ಪತ್ರದಲ್ಲಿ ಇರಲಿ.

ತಯಾರಕರ ಪಟ್ಟಿ ಪ್ಯಾಕೇಜಿನ ದುರ್ಬಲ ಕೊಂಡಿ. ಇಬ್ಬರೋ ಮೂವರೋ ತಯಾರಕರು, ಎಲ್ಲ ಅಂಗಡಿಗಳಿಗೂ ಒಂದೇ ಗಡುವು. ಕೊನೆಯಲ್ಲಿ ಆರ್ಡರ್ ಕೊಟ್ಟವರಿಗೆ ದರವೂ ಹೆಚ್ಚು, ಸರದಿಯೂ ಉದ್ದ. ಪಟ್ಟಿಯ ಹೊರಗಿನವರಿಂದ ಅದೇ ಗುಣಮಟ್ಟಕ್ಕೆ ಮಾಡಿಸಲು ಅನುಮತಿ ಕೇಳಿ. ಪಟ್ಟಿಯಲ್ಲಿರುವವರಿಂದ ಕಂಪನಿಗೆ ಕಮಿಷನ್ ಸಿಗುತ್ತದೆಯೇ ಎಂಬುದನ್ನೂ ಕೇಳಿ. ಹೆಸರು ಬದಲಾವಣೆಯಿಂದಲೇ ಕಂಪನಿ ಲಾಭ ಮಾಡಿಕೊಳ್ಳುವ ವ್ಯವಸ್ಥೆಯಿದ್ದರೆ ಖರ್ಚು ಹಂಚಿಕೆಯ ಮಾತಿಗೆ ನಿಮ್ಮ ಕೈ ಬಲವಾಗುತ್ತದೆ.

ಪೊಟ್ಟಣದ ದಾಸ್ತಾನಿನ ಬಗ್ಗೆ ಕಂಪನಿಗಳ ಲೆಕ್ಕಾಚಾರ ಸಾಮಾನ್ಯವಾಗಿ ಕಾಗದದ ಮೇಲಿನದು. ಮುದ್ರಕರು ಕನಿಷ್ಠ ಪ್ರಮಾಣಕ್ಕಿಂತ ಕಡಿಮೆ ಅಚ್ಚು ಹಾಕುವುದಿಲ್ಲ. ನಿಧಾನವಾಗಿ ಖರ್ಚಾಗುವ ದೊಡ್ಡ ಗಾತ್ರದ ಡಬ್ಬಿಗಳು ಒಂದು ವರ್ಷಕ್ಕಾಗುವಷ್ಟು ಬಿದ್ದಿರುತ್ತವೆ. ನೋಟಿಸು ಬಂದ ದಿನವೇ ಪ್ರತಿ ಮುದ್ರಿತ ವಸ್ತುವಿನ ಎಣಿಕೆ ಮಾಡಿ, ವಾರಕ್ಕೆ ಎಷ್ಟು ಖರ್ಚು ಎಂದು ಭಾಗಿಸಿ, ಗಡುವಿನ ದಿನ ಎಷ್ಟು ಉಳಿಯುತ್ತದೆ ಎಂಬ ಪಟ್ಟಿಯನ್ನು ಕಂಪನಿಗೆ ಕಳಿಸಿ. ಉದಾಹರಣೆಗೆ 2,600 ಡಬ್ಬಿ ಇವೆ, ವಾರಕ್ಕೆ 80 ಖರ್ಚು, ಗಡುವಿಗೆ 13 ವಾರ. 1,040 ಹೋಗಿ 1,560 ಉಳಿಯುತ್ತವೆ. ಈ ಪಟ್ಟಿ ಮೊದಲ ವಾರದಲ್ಲಿ ಹೋದರೆ ಮಾತುಕತೆಗೆ ದಾರಿಯಿದೆ, ಗಡುವಿನ ವಾರದಲ್ಲಿ ಹೋದರೆ ಇಲ್ಲ. 2022ರ ಜೂನ್ 12ರಂದು ರಷ್ಯಾದ ಮೆಕ್‌ಡೊನಾಲ್ಡ್ಸ್ ಮಳಿಗೆಗಳು ಹೊಸ ಒಡೆಯರ ಕೈಯಲ್ಲಿ ಹೊಸ ಹೆಸರಿನಿಂದ ತೆರೆದಾಗ ಹಳೆಯ ಸಾಸ್ ಪೊಟ್ಟಣಗಳ ಲಾಂಛನಕ್ಕೆ ಕಪ್ಪು ಮಸಿ ಬಳಿದು ಕೊಟ್ಟಿದ್ದರು. ಅಲ್ಲಿನವು ಬಹುಪಾಲು ಕಂಪನಿಯದೇ ಮಳಿಗೆಗಳಾಗಿದ್ದವು, ಫ್ರಾಂಚೈಸಿಯ ಕತೆಯಲ್ಲ. ಆದರೂ ಅಷ್ಟು ದೊಡ್ಡ ಜಾಲಕ್ಕೂ ದಾಸ್ತಾನು ತಲೆನೋವೇ ಎಂಬುದಕ್ಕೆ ಸಾಕ್ಷಿ.

ಪೊಟ್ಟಣದ ಮೇಲೆ ಹೆಸರಿನ ಪಕ್ಕ ಬರುವ ಚಿಹ್ನೆಯನ್ನೂ ನೋಡಿ. ವೃತ್ತದೊಳಗಿನ 'ಆರ್' ನೋಂದಣಿಯಾದ ಮಾರ್ಕಿಗೆ ಮಾತ್ರ. ಹೊಸ ಹೆಸರು ಇನ್ನೂ ಅರ್ಜಿಯ ಹಂತದಲ್ಲಿದ್ದರೆ 'ಟಿಎಂ' ಬಳಸಬೇಕು. ನೋಂದಣಿಯಾಗದ ಮಾರ್ಕಿಗೆ ಆ ವೃತ್ತದ ಚಿಹ್ನೆ ಹಾಕುವುದು ಹಲವು ದೇಶಗಳಲ್ಲಿ ಅಪರಾಧ. ವಿನ್ಯಾಸಗಾರರು ಹಳೆಯ ಕಡತದಿಂದ ಚಿಹ್ನೆಯನ್ನು ಹಾಗೆಯೇ ನಕಲು ಮಾಡಿರುತ್ತಾರೆ, ಆ ಪೊಟ್ಟಣ ಮಾರುವವರು ನೀವು.

ಪ್ಯಾಕೇಜಿನಲ್ಲಿ ಬಹುತೇಕ ಸಂಪೂರ್ಣ ಬಿಟ್ಟುಹೋಗುವ ಭಾಗವೆಂದರೆ ಕಣ್ಣಿಗೆ ಕಾಣದ ಹೆಸರುಗಳು. ಕಾರ್ಡ್ ಯಂತ್ರದಲ್ಲಿ ವ್ಯಾಪಾರಿಯ ಹೆಸರು ಹಳೆಯದೇ ಉಳಿದರೆ ಗಿರಾಕಿ ತಿಂಗಳ ಪಟ್ಟಿಯಲ್ಲಿ ಅಪರಿಚಿತ ಹೆಸರು ನೋಡಿ 'ನಾನು ಇಲ್ಲಿ ಕೊಂಡಿಲ್ಲ' ಎಂದು ಬ್ಯಾಂಕಿಗೆ ದೂರು ಕೊಡುತ್ತಾರೆ, ಹಣ ನಿಮ್ಮ ಖಾತೆಯಿಂದ ವಾಪಸು ಹೋಗುತ್ತದೆ. ವಿಮಾ ಪಾಲಿಸಿ, ತೆರಿಗೆ ನೋಂದಣಿಯ ವ್ಯಾಪಾರ ನಾಮ, ಪರವಾನಗಿಗಳು, ಬಿಲ್ಲಿನ ತಲೆಬರಹ ಇವನ್ನು ಒಂದೇ ವಾರದಲ್ಲಿ ಬದಲಿಸಬೇಕು. ಬೆಂಕಿ ಅನಾಹುತವಾದ ಮೇಲೆ ಪಾಲಿಸಿಯಲ್ಲಿರುವ ಅಂಗಡಿ ಇದೇನಾ ಎಂಬ ಪ್ರಶ್ನೆಗೆ ಕೂರಬಾರದು. ಮ್ಯಾಪಿನಲ್ಲಿರುವ ಅಂಗಡಿಯ ಪುಟವನ್ನು ತಿದ್ದಿ, ಹೊಸ ಪುಟ ತೆರೆಯಬೇಡಿ. ತೆರೆದರೆ ವರ್ಷಗಳ ಅಭಿಪ್ರಾಯ, ಅಂಕ ಎಲ್ಲ ಹಳೆಯ ಪುಟದಲ್ಲೇ ಉಳಿಯುತ್ತವೆ. ಹಳೆಯ ಹೆಸರಿನ ಉಡುಗೊರೆ ಕಾರ್ಡು, ಅಂಕಗಳ ಯೋಜನೆ ಹೊಸ ಹೆಸರಿನಡಿ ನಡೆಯುತ್ತದೆಯೇ, ಹಣ ಯಾರು ಕೊಡುತ್ತಾರೆ ಎಂಬುದು ಬದಲಾವಣೆಯ ದಿನಕ್ಕೆ ಮೊದಲೇ ಬರಹದಲ್ಲಿರಬೇಕು. ಗಿರಾಕಿ ಕೌಂಟರಿನಲ್ಲಿ ಕಾರ್ಡು ಚಾಚಿದಾಗ ಕಂಪನಿಗೆ ಫೋನ್ ಮಾಡಿ ಕೇಳುವ ವಿಷಯವಲ್ಲ ಇದು.

ಹೊಸ ಹೆಸರಿನ ಜೊತೆ ಹೊಸ ಒಪ್ಪಂದಕ್ಕೂ ಸಹಿ ಕೇಳಿದರೆ ಎಚ್ಚರ. ಬೋರ್ಡು ಬದಲಾವಣೆಗೆ ಸಹಾಯಧನ ಕೊಡುತ್ತೇವೆ ಎಂದು ಕಳಿಸುವ ಪತ್ರದಲ್ಲೇ ರಾಯಲ್ಟಿ, ಪ್ರದೇಶದ ಹಕ್ಕು ಬದಲಾಗಿರಬಹುದು. ಹಿಂದಿನ ಎಲ್ಲ ತಕರಾರುಗಳನ್ನು ಬಿಟ್ಟುಕೊಡುತ್ತೇನೆ ಎಂಬ ಸಾಲೂ ಸೇರಿರಬಹುದು. ಸಹಾಯಧನದ ಮೊತ್ತವನ್ನು ಆ ಬದಲಾವಣೆಗಳ ಉಳಿದ ವರ್ಷಗಳ ಬೆಲೆಯೊಡನೆ ಹೋಲಿಸಿ ನೋಡಿ.

ಒಪ್ಪಂದ ಮುಗಿದಾಗ ಹೆಸರು ಕಳಚುವುದು ಇದೇ ಷರತ್ತಿನ ಇನ್ನೊಂದು ಮುಖ. ಅಲ್ಲಿ ಗಡುವು ಬಹಳ ಬಿಗಿ. 2017ರ ಆಗಸ್ಟಿನಲ್ಲಿ ಮೆಕ್‌ಡೊನಾಲ್ಡ್ಸ್ ಭಾರತದ ಉತ್ತರ ಮತ್ತು ಪೂರ್ವ ಭಾಗದ 169 ಮಳಿಗೆಗಳ ಒಪ್ಪಂದ ರದ್ದುಮಾಡಿ 15 ದಿನದಲ್ಲಿ ಹೆಸರು, ಲಾಂಛನ ಬಳಕೆ ನಿಲ್ಲಿಸಲು ಹೇಳಿತ್ತು. ವ್ಯಾಜ್ಯ ನಡೆದು 2019ರಲ್ಲಿ ರಾಜಿಯಾಯಿತು. ಒಪ್ಪಂದ ಮುಗಿದ ಮೇಲೆ ರಾಯಲ್ಟಿ ಕಟ್ಟುತ್ತಲೇ ಇದ್ದರೂ ಹೆಸರು ಬಳಸುವುದು ಉಲ್ಲಂಘನೆಯೇ. ಬಣ್ಣ, ಒಳಾಂಗಣ, ಫೋನ್ ಸಂಖ್ಯೆ ಬಿಟ್ಟುಕೊಡುವ ಹೊಣೆಯೂ ಪಟ್ಟಿಯಲ್ಲಿರುತ್ತದೆ. ಈ ಪಟ್ಟಿಯನ್ನು ಅಂಗಡಿ ಕಟ್ಟಿಸುವ ಮೊದಲೇ ವಾಸ್ತುಶಿಲ್ಪಿಗೆ ಕೊಡಿ. ಬ್ರ್ಯಾಂಡಿನ ಬಣ್ಣ ನೆಲದ ಟೈಲ್ಸಿನ ಬದಲು ಗೋಡೆಯ ಬಣ್ಣದಲ್ಲೋ ಕಳಚಬಹುದಾದ ಹಲಗೆಯಲ್ಲೋ ಬಂದರೆ ಮುಂದೆ ಹೆಸರು ಬದಲಾದರೂ ಸರಿ, ಒಪ್ಪಂದ ಮುಗಿದರೂ ಸರಿ, ನೆಲ ಒಡೆಯುವ ಕೆಲಸ ತಪ್ಪುತ್ತದೆ.

ಕಳಚಿದ ಬೋರ್ಡನ್ನು ಇಡಿಯಾಗಿ ಗುಜರಿಗೆ ಹಾಕಬೇಡಿ. ಅದು ಬೇರೆಲ್ಲೋ ಇನ್ನೊಂದು ಅಂಗಡಿಯ ಮೇಲೆ ಕಂಡರೆ ನೋಟಿಸು ಮೊದಲು ಬರುವುದು ನಿಮಗೇ. ಅಕ್ಷರಗಳನ್ನು ಕತ್ತರಿಸಿ, ದಿನಾಂಕ ಕಾಣುವಂತೆ ಫೋಟೊ ತೆಗೆದು, ಗುಜರಿಯವರಿಂದ ರಸೀದಿ ಪಡೆದು, ಎರಡನ್ನೂ ಕಂಪನಿಗೆ ಇಮೇಲಿನಲ್ಲಿ ಕಳಿಸಿ ಒಂದು ಪ್ರತಿ ಒಪ್ಪಂದದ ಕಡತದಲ್ಲಿಡಿ.